ಪೇಟಿ ಮಾಸ್ತರ ಇಲ್ಲದ ಹಾಡು

ನಾಯಕ ಎಮ್ಮೆಯ ಮೇಲೆ ಕೂತಿದ್ದಾನೆ. ಯಾರು ಎಷ್ಟೇ ಬಾಯಿ ಮಾಡಿದರೂ ಈ ಎಮ್ಮೆಗೆ ಏನೂ ಅನ್ನಿಸುವುದಿಲ್ಲ ಎಂಬುದಷ್ಟೇ ಹಾಡಿನ ಸಾರ. ನಡುನಡುವೆ ದನ ಕಾಯುವವರು ಹಾಕುವಂಥ ಕೂಗು. 1974ರಲ್ಲಿ ಬಂದ ‘ಸಂಪತ್ತಿಗೆ ಸವಾಲ್’ ಚಿತ್ರದ ಈ ಹಾಡನ್ನು ಬಾಗಲಕೋಟೆ, ಬಾದಾಮಿ ಕಡೆಯ ಅರವತ್ತು ದಾಟಿದವರ ಮುಂದೆ ಹಚ್ಚಿ ನೋಡಿ. ‘ಹಾಡು ಅಂದ್ರ ಇದು ನೋಡ್ರಿ’ ಅನ್ನುತ್ತಾರೆ. ಡಾ. ರಾಜಕುಮಾರ್ ಅದಕ್ಕೂ ಮೊದಲು ಬಿಡಿಬಿಡಿಯಾಗಿ ಹಾಡಿದ್ದುಂಟು. ತಮ್ಮ ಪಾತ್ರಗಳಿಗೆ ತಾವೇ ದನಿ ಕೊಡುವ ರೂಢಿ ಗಟ್ಟಿಯಾಗಿ ಶುರುವಾದದ್ದು ಮಾತ್ರ ಜಿ.ಕೆ. ವೆಂಕಟೇಶ್ ಸಂಗೀತದ ಈ ಚಿತ್ರದಿಂದ. ಚಿತ್ರದ ಮೂಲ ಅದೇ ಹೆಸರಿನ ನಾಟಕ. ಅದನ್ನು ಬರೆದವರು ಹುನಗುಂದ ತಾಲ್ಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿ.

ಈಗ ಹೆಸರುಗಳನ್ನೆಲ್ಲ ತೆಗೆದುಹಾಕಿ. ಹುನಗುಂದದ ಒಬ್ಬ ಹುಡುಗ ಎಮ್ಮೆಯನ್ನೇ ಕುರಿತು ಹಾಡು ಕಟ್ಟಿ, ಅದರ ಬೆನ್ನೇರಿ ಚಿತ್ರೀಕರಿಸಿ, ಹೋದ ವಾರ ಯೂಟ್ಯೂಬಿಗೆ ಹಾಕಿದ್ದಾನೆ ಅಂದುಕೊಳ್ಳಿ. ಅದೇ ಹಿರಿಯರು ಏನನ್ನುತ್ತಾರೆ? ‘ಈಗಿನ ಹಾಡೇನ್ ಹಾಡ್ರೀ, ಎಮ್ಮಿ ಮ್ಯಾಲೂ ಹಾಡು ಬಂತು!’

ಹಾಡಿನ ಗುಣಮಟ್ಟ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತಿದೆಯೇ ಎಂಬ ಚರ್ಚೆ ಎಲ್ಲ ಊರುಗಳಲ್ಲೂ ಇದೆ. ಬಾಗಲಕೋಟೆ ಸೀಮೆಯಲ್ಲಿ ಅದಕ್ಕೆ ಬೇರೆಯದೇ ಬಿಸಿ. ‘ಉತ್ತರ ಕರ್ನಾಟಕ ಜಾನಪದ’ ಎಂಬ ಹಣೆಪಟ್ಟಿಯಲ್ಲಿ ಹೊರಬೀಳುವ ಡಿಜೆ ಹಾಡುಗಳ ಅಬ್ಬರ ಇಲ್ಲಿ ಮದುವೆ, ಜಾತ್ರೆ, ಗಣಪತಿ ಮೆರವಣಿಗೆ, ಕಬ್ಬಿನ ಟ್ರ್ಯಾಕ್ಟರ್ ಯಾವುದನ್ನೂ ಬಿಟ್ಟಿಲ್ಲ. ಅವುಗಳ ಮೇಲಿನ ದೂರು ಮೂರು: ಸಾಹಿತ್ಯ ಪೋಲಿ, ದನಿ ಯಂತ್ರದ್ದು, ಸದ್ದು ಕಿವಿ ಹರಿಯುವಂಥದ್ದು. ಮೂರೂ ಸುಳ್ಳಲ್ಲ. ಆದರೆ ಮೊದಲೆರಡು ಹೊಸವೂ ಅಲ್ಲ.

ಪೋಲಿತನವನ್ನೇ ನೋಡಿ. ಬಾಗಲಕೋಟೆಯ ಹೋಳಿ ನಾಡಿಗೇ ಹೆಸರಾದದ್ದು. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆಗಳ ಹಲಗೆ ಮೇಳಗಳು, ಬ್ಯಾರಲ್ ತುಂಬ ಬಣ್ಣ ಹೊತ್ತ ಬಂಡಿಗಳು, ದಿನಗಟ್ಟಲೆ ನಡೆಯುವ ಗದ್ದಲ. ಕಾಮಣ್ಣನ ಮುಂದೆ ಊರ ಗಂಡಸರು ಬಾಯಿ ಬಿಟ್ಟು ಹಾಡುತ್ತಿದ್ದ ಹಾಡುಗಳನ್ನು ಈ ಪುರವಣಿಯಲ್ಲಿ ಅಚ್ಚು ಹಾಕಿದರೆ ಸಂಪಾದಕರ ಕೆಲಸ ಹೋಗುತ್ತದೆ. ಇಂದಿನ ಯಾವ ಡಿಜೆ ಹಾಡೂ ಅವುಗಳ ಹತ್ತಿರಕ್ಕೆ ಬಾರದು. ಅವಕ್ಕೆ ವರ್ಷದಲ್ಲಿ ಕೆಲವೇ ದಿನಗಳ ಪರವಾನಗಿ ಇತ್ತು, ಇಂದಿನವು ವರ್ಷವಿಡೀ ಕಿಸೆಯಲ್ಲಿರುತ್ತವೆ. ಈ ವ್ಯತ್ಯಾಸ ದೊಡ್ಡದೇ, ಒಪ್ಪುತ್ತೇನೆ. ಆದರೆ ಅದು ಹಾಡಿನ ಗುಣಕ್ಕಿಂತ ಹಾಡಿನ ಜಾಗಕ್ಕೆ ಸಂಬಂಧಪಟ್ಟದ್ದು. ಹಳೆಯ ಹಾಡೆಲ್ಲ ಶುದ್ಧ ಎಂಬ ನಂಬಿಕೆ ನಮಗೆ ಬಂದದ್ದು ಬಹುಮಟ್ಟಿಗೆ ಪುಸ್ತಕಗಳಿಂದ. ಪಕ್ಕದ ಇಂಡಿ ಸೀಮೆಯ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಸಂಕಲಿಸಿ 1931ರಲ್ಲಿ ಹೊರತಂದಾಗ ಹೆಣ್ಣುಮಕ್ಕಳ ಬೀಸುಕಲ್ಲಿನ ಪದಗಳು ಅಕ್ಷರಸ್ಥರ ಮನೆ ಹೊಕ್ಕವು. ಕನ್ನಡಕ್ಕೆ ಅದು ದೊಡ್ಡ ಉಪಕಾರ. ಕಾಮಣ್ಣನ ಹಾಡಿಗೆ ಅಂಥ ಸಂಪಾದಕರು ಸಿಗಲಿಲ್ಲ. ಸಿಗದಿದ್ದದ್ದೇ ಒಳ್ಳೆಯದಾಯಿತು ಎನ್ನುವವರೂ ಇದ್ದಾರೆ. ಆದರೆ ಹಾಗೆ ಅಂದಮೇಲೆ ಹಿಂದಿನವರ ಬಾಯಿ ಇಂದಿನವರಿಗಿಂತ ಸ್ವಚ್ಛ ಇತ್ತು ಅನ್ನುವ ಹಕ್ಕು ನಮಗಿರುವುದಿಲ್ಲ.

ಹಲಗಲಿ ಬೇಡರ ಲಾವಣಿಯದು ಇನ್ನೊಂದು ಬಗೆಯ ಕತೆ. ಮುಧೋಳ ಸೀಮೆಯ ಹಲಗಲಿಯವರು 1857ರಲ್ಲಿ ಆಯುಧ ಒಪ್ಪಿಸುವ ಕಾನೂನಿನ ವಿರುದ್ಧ ಎದ್ದದ್ದು, ಸರ್ಕಾರ ಊರನ್ನೇ ಸುಟ್ಟದ್ದು ಆ ಕಾಲದ ಬಿಸಿ ಸುದ್ದಿ. ಸುದ್ದಿಯನ್ನು ಹಾಡಾಗಿ ಕಟ್ಟಿ, ಡಪ್ಪು ಬಡಿದು, ಸಂತೆ ಜಾತ್ರೆಗಳಲ್ಲಿ ಹಾಡುತ್ತಿದ್ದರು. ಲಾವಣಿಕಾರರೆಂದರೆ ಅಂದಿನ ಮರ್ಯಾದಸ್ಥರಿಗೆ ಅಷ್ಟಕ್ಕಷ್ಟೆ. ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಈ ಸೀಮೆಯ ಲಾವಣಿಗಳನ್ನು ಬರೆಸಿಕೊಂಡು 19ನೇ ಶತಮಾನದ ಕೊನೆಯ ಭಾಗದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದರು. ಮುಂದೆ ಹಲಗಲಿಯ ಲಾವಣಿ ಶಾಲೆಯ ಪಠ್ಯಕ್ಕೂ ಬಂತು. ಸಂತೆಯಲ್ಲಿ ನಿಂತು ಕೇಳಿದ್ದಕ್ಕೆ ಅಪ್ಪನಿಂದ ಪೆಟ್ಟು ತಿನ್ನಿಸಬಹುದಾಗಿದ್ದ ಹಾಡನ್ನು ಮೊಮ್ಮಕ್ಕಳ ಮೊಮ್ಮಕ್ಕಳು ಅಂಕಕ್ಕಾಗಿ ಬಾಯಿಪಾಠ ಮಾಡಿದರು.

ಇದೇ ಜಿಲ್ಲೆಯ ಬೀಳಗಿಯಿಂದ ಹೋದ ಅಮೀರ್‌ಬಾಯಿ ಕರ್ನಾಟಕಿಯವರ ಬದುಕಿನಲ್ಲಿ ಈ ತಮಾಷೆ ಇನ್ನೂ ತೀಕ್ಷ್ಣವಾಗಿದೆ. ನಾಟಕ ಕಂಪನಿಗಳ ನಂಟಿದ್ದ ಮನೆ ಅದು. ಅಕ್ಕ ಗೋಹರ್‌ಬಾಯಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ಜತೆ ಹಾಡಿ ನಟಿಸಿದವರು. ಅಮೀರ್‌ಬಾಯಿ ಮುಂಬಯಿ ಸೇರಿ, 1943ರ ‘ಕಿಸ್ಮತ್’ ಚಿತ್ರಕ್ಕೆ ಅನಿಲ್ ಬಿಸ್ವಾಸ್ ಸಂಗೀತದಲ್ಲಿ ಹಾಡಿ ದೇಶಕ್ಕೆಲ್ಲ ಪರಿಚಿತರಾದರು. ಕಲಕತ್ತೆಯ ಒಂದೇ ಥಿಯೇಟರಿನಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಓಡಿತು. ರಹಮತ್ ತರೀಕೆರೆಯವರು ಅಮೀರ್‌ಬಾಯಿಯವರ ಜೀವನಚರಿತ್ರೆ ಬರೆದಿದ್ದಾರೆ. ಇಂದು ಆ ಗಾಯಕಿಯ ದನಿ ಕೇಳಿದರೆ ನಮಗೆ ‘ಶಾಸ್ತ್ರೀಯ’ ಅನ್ನಿಸುತ್ತದೆ. ಆ ತಲೆಮಾರಿನ ಸಿನಿಮಾ ಹಾಡುಗಳನ್ನು ದೇಶದ ಸರ್ಕಾರ ಹೇಗೆ ಕಂಡಿತು? 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡೆಂದರೆ ಜನರ ಅಭಿರುಚಿ ಕೆಡಿಸುವ ಸರಕು. ಆಕಾಶವಾಣಿಯಲ್ಲಿ ಅದು ಮೊದಲು ಕಡಿಮೆಯಾಯಿತು, ಆಮೇಲೆ ಹೆಚ್ಚುಕಡಿಮೆ ಇಲ್ಲವೇ ಆಯಿತು. ಕೇಳುಗರು ಮುಳ್ಳು ತಿರುಗಿಸಿ ರೇಡಿಯೊ ಸಿಲೋನ್ ಹಿಡಿದರು. ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಶುರುವಾದದ್ದೂ ಅದೇ 1952ರಲ್ಲಿ. ಕೊನೆಗೆ 1957ರಲ್ಲಿ ವಿವಿಧ ಭಾರತಿಯನ್ನು ತೆರೆದು ಸರ್ಕಾರವೇ ಸೋಲೊಪ್ಪಿಕೊಂಡಿತು. ಈಗ ನಾವು ಸುವರ್ಣಯುಗ ಎಂದು ಕಣ್ಣು ಮುಚ್ಚಿ ಕೇಳುವ ಹಾಡುಗಳಲ್ಲಿ ಬಹಳಷ್ಟು ಹೀಗೆ ದೆಹಲಿ ಬಾಗಿಲು ಹಾಕಿದ ವರ್ಷಗಳವು.

ಕೇಸ್ಕರ್ ಅವರನ್ನು ಪೂರ್ತಿ ಹಾಸ್ಯಕ್ಕೀಡು ಮಾಡುವುದೂ ನ್ಯಾಯವಲ್ಲ. ಸಿನಿಮಾ ಹಾಡಿಗೆ ಬದಲಾಗಿ ಸುಗಮ ಸಂಗೀತವನ್ನು ಬೆಳೆಸಬೇಕೆಂದು ಆಕಾಶವಾಣಿ ಹೊರಟಾಗ, 1950ರಲ್ಲಿ ಶುರುವಾಗಿದ್ದ ಧಾರವಾಡ ನಿಲಯದಂಥ ಕಡೆ ಕವಿತೆಗೂ ಜನಪದಕ್ಕೂ ರಾಗ ಕಟ್ಟುವವರಿಗೆ ಕೆಲಸ ಸಿಕ್ಕಿತು. ಗುಂಡಿಮಗ್ಗದ ಪಕ್ಕ ರೇಡಿಯೊ ಇಟ್ಟುಕೊಂಡು ಸೀರೆ ನೇಯ್ದ ಇಳಕಲ್ಲಿನ ತಲೆಮಾರಿಗೆ ಆ ದನಿಗಳೇ ಸಂಗೀತದ ಪಾಠ.

ಈಗ ಪೇಟಿಯ ಮಾತಿಗೆ ಬರೋಣ, ಏಕೆಂದರೆ ಈ ವಾದದ ತಿರುಳು ನನಗೆ ಕಾಣುವುದು ಅಲ್ಲಿ.

ಹಾರ್ಮೋನಿಯಂ ಎನ್ನುವುದಕ್ಕಿಂತ ಪೇಟಿ ಎಂದರೇ ಈ ಕಡೆಯವರಿಗೆ ಆಪ್ತ. ಬನಶಂಕರಿ ಜಾತ್ರೆಯ ನಾಟಕವಾಗಲಿ, ಮಠದ ಭಜನೆಯಾಗಲಿ, ಪೇಟಿ ಇಲ್ಲದೆ ನಡೆಯದು. ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥ ದೊಡ್ಡ ವಾದಕರು ಈ ಸೀಮೆಯಲ್ಲಿ ಆಗಿಹೋದರು. ಇಂಥ ವಾದ್ಯವನ್ನು ಆಕಾಶವಾಣಿ 1940ರಲ್ಲಿ ಹೊರಗಟ್ಟಿತ್ತು! ಸುಮಾರು ಮೂರು ದಶಕ ಅದಕ್ಕೆ ಅಲ್ಲಿ ಜಾಗವಿರಲಿಲ್ಲ. ಕಾರಣ: ಪೇಟಿಯ ಒಂದೊಂದು ಮನೆಗೆ ಒಂದೊಂದೇ ಸ್ವರ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದರಲ್ಲಿ ಬಾರದು. ಸ್ವರ ಸ್ವರದ ನಡುವಿನ ಸಂದಿಯಲ್ಲೇ ನಮ್ಮ ಸಂಗೀತದ ಜೀವ ಇರುವಾಗ, ಸಂದಿಯೇ ಇಲ್ಲದ ಈ ವಿಲಾಯತಿ ಪೆಟ್ಟಿಗೆ ಹಾಡುಗಾರರ ಕಿವಿ ಕೆಡಿಸುತ್ತದೆ ಎಂಬುದು ವಾದ. ರವೀಂದ್ರನಾಥ ಟ್ಯಾಗೋರರಿಗೂ ಪೇಟಿ ಹಿಡಿಸುತ್ತಿರಲಿಲ್ಲ.

ಇಂದು ಆಟೊಟ್ಯೂನ್ ಮೇಲೆ ಬರುತ್ತಿರುವ ದೂರನ್ನು ಇದರ ಪಕ್ಕದಲ್ಲಿಟ್ಟು ಓದಿ. ಎಣ್ಣೆ ನಿಕ್ಷೇಪ ಹುಡುಕಲು ಭೂಕಂಪನದ ಅಲೆಗಳನ್ನು ಲೆಕ್ಕ ಹಾಕುತ್ತಿದ್ದ ಆ್ಯಂಡಿ ಹಿಲ್ಡೆಬ್ರಾಂಡ್ ಎಂಬ ಅಮೆರಿಕದ ಎಂಜಿನಿಯರ್ ಅದೇ ಗಣಿತವನ್ನು ಕಂಠಕ್ಕೆ ಹೊಂದಿಸಿ ತಯಾರಿಸಿದ ತಂತ್ರಾಂಶ ಅದು; 1997ರಲ್ಲಿ ಮಾರುಕಟ್ಟೆಗೆ ಬಂತು. ಹಾಡುವವರ ಸ್ವರ ಸ್ವಲ್ಪ ಆಚೀಚೆ ಆದರೆ ಹತ್ತಿರದ ಸರಿ ಸ್ವರಕ್ಕೆ ಎಳೆದು ನಿಲ್ಲಿಸುತ್ತದೆ. ಬಿಗಿ ಹೆಚ್ಚು ಮಾಡಿದರೆ ಮೀಂಡ್ ಮೆಟ್ಟಿಲಾಗುತ್ತದೆ, ದನಿ ಯಂತ್ರದ್ದಾಗುತ್ತದೆ. ಅಂದರೆ 1940ರಲ್ಲಿ ಪೇಟಿಯ ಮೇಲೆ ಹೊರಿಸಿದ್ದ ಅಪರಾಧವೇ ಇದು, ಸೆಕ್ಷನ್ ಸಮೇತ. ವ್ಯತ್ಯಾಸ ಇಷ್ಟೇ: ಅಂದಿನ ಆರೋಪಿ ಇಂದು ‘ನಮ್ಮ ಪರಂಪರೆ’ ಎಂದು ಸಾಕ್ಷಿ ಕಟ್ಟೆ ಏರಿದೆ.

ಹಾಗಾದರೆ ಕುಸಿತ ಎಂಬುದೇ ಮುದುಕರ ಗೊಣಗಾಟವೇ? ಸಂಶೋಧಕರು ಅಳೆದು ನೋಡಿದ್ದಾರೆ, ಅಮೆರಿಕ–ಯುರೋಪಿನ ಹಾಡುಗಳನ್ನು. 1955ರಿಂದ 2010ರವರೆಗಿನ ನಾಲ್ಕೂವರೆ ಲಕ್ಷಕ್ಕೂ ಮಿಕ್ಕಿದ ಧ್ವನಿಮುದ್ರಿಕೆಗಳನ್ನು ಕಂಪ್ಯೂಟರಿಗೆ ಹಾಕಿ ಸ್ಪೇನಿನ ತಂಡವೊಂದು 2012ರಲ್ಲಿ ಫಲಿತಾಂಶ ಪ್ರಕಟಿಸಿತು. ಸ್ವರಗಳ ಜೋಡಣೆಯಲ್ಲಿ ವೈವಿಧ್ಯ ತಗ್ಗಿದೆ, ನಾದದ ಬಣ್ಣಗಳು ಒಂದೇ ತರಹ ಆಗುತ್ತಿವೆ, ಸದ್ದು ಮಾತ್ರ ಏರುತ್ತಲೇ ಇದೆ. ಗೊಣಗುವವರು ಕುಣಿದಾಡಿದರು. ಮೂರು ವರ್ಷದ ನಂತರ ಲಂಡನ್ನಿನ ಇನ್ನೊಂದು ತಂಡ 1960ರಿಂದ 2010ರವರೆಗೆ ಅಮೆರಿಕದಲ್ಲಿ ಗೆದ್ದ ಸುಮಾರು 17,000 ಹಾಡುಗಳನ್ನು ಪರೀಕ್ಷಿಸಿ, ಎಲ್ಲವೂ ಏಕರೂಪ ಆಗುತ್ತ ಬಂದಿದೆ ಎನ್ನಲು ಪುರಾವೆಯಿಲ್ಲ, 1964, 1983, 1991ರ ಸುಮಾರಿಗೆ ದೊಡ್ಡ ಮಗ್ಗುಲು ಬದಲಾವಣೆಗಳಾದವು, ಅಷ್ಟೇ ಎಂದಿತು. 2024ರಲ್ಲಿ ಬಂದ ಮತ್ತೊಂದು ಅಧ್ಯಯನ ಇಂಗ್ಲಿಷ್ ಹಾಡುಗಳ ಸಾಹಿತ್ಯ ಐದು ದಶಕದಲ್ಲಿ ಸರಳವಾಗಿದೆ, ಪುನರಾವರ್ತನೆ ಹೆಚ್ಚಿದೆ ಎಂದು ಹೇಳಿತು. ಪುನರಾವರ್ತನೆ ದೋಷವಾದರೆ ನಮ್ಮ ಗೀಗೀ ಮೇಳದವರು ಹಿಮ್ಮೇಳದಲ್ಲಿ ಮತ್ತೆ ಮತ್ತೆ ಎತ್ತುವ ಸೊಲ್ಲೇ ಮೊದಲು ಫೇಲಾಗಬೇಕಾಗುತ್ತದೆ.

ಅಮೆರಿಕದಲ್ಲೇ 1989ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ಜನ ಅತಿ ಹೆಚ್ಚು ಮೆಚ್ಚುವ ಹಾಡುಗಳು ಅವರಿಗೆ ಸರಾಸರಿ 23–24 ವರ್ಷವಾಗಿದ್ದಾಗ ಬಂದವು ಎಂದು ಅದು ಕಂಡುಕೊಂಡಿತು. ನೌಕರಿ, ಮದುವೆ, ಮೊದಲ ಸೈಕಲ್ ಮೋಟಾರು, ಇವುಗಳ ಸುತ್ತಮುತ್ತ ಕೇಳಿದ ಹಾಡನ್ನು ಮೀರಿಸುವ ಹಾಡು ಆಮೇಲೆ ಬರುವುದೇ ಇಲ್ಲ. 1974ರಲ್ಲಿ 23 ಆಗಿದ್ದವರ ತೀರ್ಪನ್ನು ಎಮ್ಮೆ ಹಾಡಿನ ವಿಷಯದಲ್ಲಿ ಪೂರ್ತಿ ನಂಬಲಾಗದು. ನನ್ನ ತೀರ್ಪೂ ಬೇರೆಯಲ್ಲ. ಕ್ಯಾಸೆಟ್ ಕಾಲದ ಗುರುರಾಜ ಹೊಸಕೋಟೆಯವರ ದನಿ ಕೇಳಿದರೆ ನನಗೆ ಇವತ್ತಿಗೂ ಟೀಕೆ ಮಾಡುವ ಶಕ್ತಿ ಹೋಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಈ ಸೀಮೆಯಲ್ಲಿ ಏನೋ ಕಳೆದಿದೆ ಎಂದು ನಾನು ನಂಬುತ್ತೇನೆ. ಕಳೆದದ್ದು ಹಾಡಲ್ಲ, ಹಾಡನ್ನು ತಿದ್ದುವ ಜಾಗ.

ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಬಳಿ, ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರ ಕಟ್ಟಿದರು. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳಿಗೆ ಸಂಗೀತ ಕಲಿಯುವ ದಾರಿ ಮಾಡಿಕೊಟ್ಟವರು ಅವರೇ. ಗವಾಯಿಗಳು ಗದಗಿನಲ್ಲಿ ನೆಲೆ ನಿಂತರು, ಪುಟ್ಟರಾಜ ಗವಾಯಿಗಳು ಮುಂದುವರಿಸಿದರು. ಇಷ್ಟು ಎಲ್ಲರಿಗೂ ಗೊತ್ತು. ಗದಗಿನ ಅವರ ವೀರೇಶ್ವರ ಪುಣ್ಯಾಶ್ರಮ ಹೊಟ್ಟೆ ತುಂಬಿಸಿಕೊಳ್ಳಲು ನಾಟಕ ಕಂಪನಿಯನ್ನೂ ನಡೆಸಿತು ಎಂಬುದರ ಅರ್ಥವನ್ನು ಮಾತ್ರ ನಾವು ಸರಿಯಾಗಿ ಗಮನಿಸಿಲ್ಲ. ಬೆಳಿಗ್ಗೆ ಖಯಾಲ್ ಕಲಿತ ಬಾಯಿ ರಾತ್ರಿ ಟಿಕೆಟ್ ಕೊಟ್ಟು ಬಂದವರ ಮುಂದೆ ನಾಟಕದ ಪದ ಹಾಡುತ್ತಿತ್ತು. ಶಾಸ್ತ್ರೀಯ ಮತ್ತು ಜನಪ್ರಿಯ ಎಂದು ನಾವು ಈಗ ಎರಡು ಕಪಾಟಿನಲ್ಲಿ ಇಡುವ ಸಂಗೀತಗಳು ಆಗ ಒಂದೇ ಒಲೆಯ ಮೇಲೆ ಬೇಯುತ್ತಿದ್ದವು. ‘ರಕ್ತರಾತ್ರಿ’ ನಾಟಕ ಬರೆದ ಕಂದಗಲ್ಲ ಹನುಮಂತರಾಯರು ಹುಟ್ಟಿದ ಕಂದಗಲ್ಲ ಇಳಕಲ್ಲಿನ ನೆರೆಯೂರು. ಕಮತಗಿಯ ಹುಚ್ಚೇಶ್ವರ ನಾಟ್ಯ ಸಂಘವೂ ಈ ಕಡೆಯದೇ. ಪ್ರತಿ ಕಂಪನಿಗೂ ಒಬ್ಬ ಪೇಟಿ ಮಾಸ್ತರ. ಹೊಸ ಹುಡುಗಿಯ ಶ್ರುತಿ ಎಲ್ಲಿ ಇಳಿಯಿತು, ಯಾವ ಅಕ್ಷರ ನುಂಗಿಹೋಯಿತು ಎಂದು ಎಲ್ಲರೆದುರು ಹೇಳುವ ಅಧಿಕಾರ ಅವನಿಗಿತ್ತು. ಮೈಕು ಬರುವ ಮೊದಲು ಕೊನೆಯ ಸಾಲಿನ ನೆಲಗಿರಾಕಿಗೆ ದನಿ ಮುಟ್ಟದಿದ್ದರೆ ಅವನೂ ಸುಮ್ಮನಿರುತ್ತಿರಲಿಲ್ಲ. ಮುಟ್ಟಿದರೆ ಒನ್ಸ್ ಮೋರ್. ಎಮ್ಮೆ ಹಾಡು ಹಾಡಿದ ರಾಜಕುಮಾರ್ ಕಂಠವೂ ಪಳಗಿದ್ದು ಗುಬ್ಬಿ ಕಂಪನಿಯ ಇಂಥದೇ ಗರಡಿಯಲ್ಲಿ. ಅದನ್ನು ತಿಳಿದು ಮತ್ತೊಮ್ಮೆ ಕೇಳಿ. ಆ ಕೂಗುಗಳು ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತವೆ, ಉಸಿರು ಎಲ್ಲೂ ಕದ್ದಿಲ್ಲ.

ಹಳ್ಳಿಯ ಕಟ್ಟೆಯ ಮೇಲೆ ತಿದ್ದುವ ಕೆಲಸ ಇನ್ನೂ ಒರಟಾಗಿ ನಡೆಯುತ್ತಿತ್ತು. ಹರದೇಶಿ–ನಾಗೇಶಿ ಮೇಳಗಳು ಎದುರುಬದುರು ನಿಲ್ಲುತ್ತವೆ. ಒಬ್ಬರು ಗಂಡು ಹೆಚ್ಚು ಅನ್ನಬೇಕು, ಇನ್ನೊಬ್ಬರು ಹೆಣ್ಣು ಹೆಚ್ಚು ಅನ್ನಬೇಕು. ಪುರಾಣದಿಂದ ಸವಾಲು ಎಸೆದರೆ ಅದೇ ಧಾಟಿಯಲ್ಲಿ ಆಗಿಂದಾಗಲೇ ಜವಾಬು ಕಟ್ಟಬೇಕು. ಬೆಳಗಾಗುವವರೆಗೆ ಕೂತ ಜನ ಪಂಚಾಯಿತಿ ಮಾಡುತ್ತಾರೆ. ಅಲ್ಲಿ ಪೊಳ್ಳು ಸಾಲು ಬಹಳ ಹೊತ್ತು ಉಳಿಯದು.

ಇಂದಿನ ಹಾಡು ಹುಟ್ಟುವ ಕೋಣೆಯಲ್ಲಿ ಇದಾವುದೂ ಇಲ್ಲ. ಸಾಹಿತ್ಯ, ಧಾಟಿ, ಗಾಯನ ಬಹುತೇಕ ಒಬ್ಬನದೇ. ಕೀಬೋರ್ಡಿನಲ್ಲಿ ಸಿದ್ಧ ತಾಳವಿದೆ. ಡೋಲಕಿಯವನು ಬಂದು ‘ತಮ್ಮಾ, ಈ ಸಾಲು ತಾಳಕ್ಕ ಕೂಡವಲ್ದು’ ಎನ್ನುವ ಪ್ರಸಂಗವಿಲ್ಲ. ಶ್ರುತಿಯನ್ನು ತಂತ್ರಾಂಶ ನೋಡಿಕೊಳ್ಳುತ್ತದೆ. ಬೆಳಿಗ್ಗೆ ಕಟ್ಟಿದ ಹಾಡು ಸಂಜೆಗೆ ಊರೆಲ್ಲ ಹರಡಿರುತ್ತದೆ. ಮೆಚ್ಚುಗೆಯ ಲೆಕ್ಕ ಬರುತ್ತದೆ, ತಿದ್ದುಪಡಿ ಬರುವುದಿಲ್ಲ. ಇದರಲ್ಲಿ ಹುಡುಗರ ತಪ್ಪು ಕಡಿಮೆ. ಆಟೊಟ್ಯೂನ್ ಕಂಠವನ್ನು ಕೆಡಿಸಿತು ಎನ್ನುವುದಕ್ಕಿಂತ, ಪೇಟಿ ಮಾಸ್ತರನನ್ನು ಮನೆಗೆ ಕಳಿಸಿತು ಎನ್ನುವುದು ಸರಿ. ಪೇಟಿಯನ್ನು ದೂರಿದವರಿಗೆ ಹೊಳೆಯದೇ ಹೋದದ್ದೂ ಇದೇ. ವಾದ್ಯದಲ್ಲಿ ಮೀಂಡ್ ಇರಲಿಲ್ಲ ನಿಜ, ಆದರೆ ಅದರ ಹಿಂದೆ ಕೂತವನಿಗೆ ಕಿವಿ ಇತ್ತು.

ಸದ್ದಿನ ದೂರು ಮಾತ್ರ ನಿಜವಾಗಿ ಹೊಸದು. ಧ್ವನಿಮುದ್ರಣದಲ್ಲಿ ಮೆಲುದನಿಯನ್ನು ಮೇಲೆತ್ತಿ, ಗಟ್ಟಿದನಿಯ ತಲೆಯನ್ನು ಒತ್ತಿ, ಎರಡನ್ನೂ ಒಂದೇ ಮಟ್ಟಕ್ಕೆ ತರುವ ವಿಧಾನವಿದೆ. ಹಾಗೆ ಮಾಡಿದ ಹಾಡು ಪಕ್ಕದ ಹಾಡಿಗಿಂತ ಜೋರಾಗಿ ಕೇಳುತ್ತದೆ. ಅದಕ್ಕೇ ಪ್ರಪಂಚದೆಲ್ಲೆಡೆ ಪೈಪೋಟಿ ಹತ್ತಿತು. ನಮ್ಮ ಕಡೆ ಅದು ಇನ್ನೊಂದು ರೂಪ ತಾಳಿದೆ. ಹಾಡನ್ನು ಕೇಳುವುದು ಒಂದೋ ಫೋನಿನ ಕಿರಿ ಸ್ಪೀಕರಿನಲ್ಲಿ, ಇಲ್ಲವೇ ಟ್ರ್ಯಾಲಿಯ ಮೇಲೆ ಹೇರಿದ ಡಿಜೆಯಲ್ಲಿ. ಮೊದಲನೆಯದಕ್ಕೆ ಕೆಳಸ್ಥಾಯಿ ಬಾರದು, ಎರಡನೆಯದರಲ್ಲಿ ಕೆಳಸ್ಥಾಯಿಯ ಗುದ್ದು ಬಿಟ್ಟರೆ ಬೇರೇನೂ ಕೇಳದು. ಎರಡಕ್ಕೂ ಸಲ್ಲಬೇಕಾದ ಹಾಡಿನಲ್ಲಿ ಉಳಿಯುವುದು ಮೇಲಿನ ಚೀರುದನಿ ಮತ್ತು ಕೆಳಗಿನ ಗುದ್ದು. ಮನುಷ್ಯರ ಮಾತಿನ ನಡುದನಿಗೆ, ಅಂದರೆ ಸಾಹಿತ್ಯ ಇರುವ ಜಾಗಕ್ಕೆ, ಅಲ್ಲಿ ಎಡೆಯಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ. ಡಿಜೆ ಟ್ರ್ಯಾಕ್ಟರಿನ ಹಿಂದೆ ನಡೆದವರು ಈ ಅಂಕಿ ಓದಿ ನಕ್ಕರೆ ತಪ್ಪಿಲ್ಲ.

ಹೊಸ ಹಾಡುಗಳಿಂದ ಬಂದ ಲಾಭವನ್ನು ಹೇಳದಿದ್ದರೆ ಈ ಲೇಖನವೂ ಗೊಣಗಾಟವೇ ಆದೀತು. ‘ಸುವರ್ಣಯುಗ’ದ ಸಿನಿಮಾದಲ್ಲಿ ನಮ್ಮ ಮಾತು ಬಂದದ್ದು ಹೆಚ್ಚಾಗಿ ನಗೆಪಾಟಲಿಗೆ. ನಾಯಕ ಪ್ರೀತಿಸುತ್ತಿದ್ದುದು ಪುಸ್ತಕದ ಕನ್ನಡದಲ್ಲಿ. ಇಂದಿನ ಹುಡುಗ ತನ್ನ ಸೋತ ಪ್ರೀತಿಯನ್ನು ಹುನಗುಂದದ ಮಾತಿನಲ್ಲೇ ಹಾಡುತ್ತಾನೆ. ಟ್ರ್ಯಾಕ್ಟರ್ ಡ್ರೈವರ್, ಮಂಗಳೂರು–ಗೋವೆಗೆ ದುಡಿಯಲು ಹೋದವನು, ಮಾವನ ಮಗಳು, ಇಳಕಲ್ ಸೀರೆ, ಜೋಡೆತ್ತು ಎಲ್ಲ ಅದರಲ್ಲಿವೆ. ಬೀಸುಕಲ್ಲಿನ ಪದ ಹೋಯಿತೆಂದು ಅಳುವ ನಾವು ಒಂದು ಮಾತು ಮರೆಯುತ್ತೇವೆ. ಬಾದಾಮಿಯ ಬಂಡೆಯ ಮೇಲೆ ಸುಮಾರು 700ರ ಹೊತ್ತಿಗೆ ಕೊರೆದ ಕಪ್ಪೆ ಅರಭಟ್ಟನ ಶಾಸನದಲ್ಲಿರುವ ತ್ರಿಪದಿ ಹಿಟ್ಟಿನ ಗಿರಣಿ ಬರುವವರೆಗೆ ಹೆಣ್ಣುಮಕ್ಕಳ ಬಾಯಲ್ಲಿ ಉಳಿಯಿತು, ಏಕೆಂದರೆ ಅದಕ್ಕೊಂದು ದುಡಿಮೆ ಇತ್ತು. ಗಿರಣಿಯನ್ನು ನಿಲ್ಲಿಸಿ ಪದವನ್ನು ಉಳಿಸಿ ಎಂದು ಆ ಹೆಣ್ಣುಮಕ್ಕಳಲ್ಲಿ ಯಾರೂ ಕೇಳಲಿಲ್ಲ. ಈಗಿನ ದುಡಿಮೆ ಸ್ಟೇರಿಂಗ್ ಹಿಂದೆ ಇದೆ, ಹಾಡೂ ಅಲ್ಲಿಗೇ ಹೋಗಿದೆ.

ತಿದ್ದುವ ಜಾಗ ಪೂರ್ತಿ ಮಾಯವಾಗಿದೆ ಎನ್ನುವಂತೆಯೂ ಇಲ್ಲ. ಬಾಳು ಬೆಳಗುಂದಿಯವರು ಯೂಟ್ಯೂಬಿನಿಂದ ಜೀ ಕನ್ನಡದ ‘ಸರಿಗಮಪ’ ವೇದಿಕೆಗೆ ಹೋದಾಗ, ಅವರ ಹಾಡುಗಳು ಜೀವಂತ ವಾದ್ಯವೃಂದದ ಜತೆ, ತೀರ್ಪುಗಾರರ ಎದುರು ಕೇಳಿಬಂದವು. ಅದೇ ಕಂಠ, ಅದೇ ಮಾತು. ಆದರೆ ಸುತ್ತ ಬೇರೆ ಕಿವಿಗಳಿದ್ದವು. ಬನದ ಹುಣ್ಣಿಮೆಗೆ ಬನಶಂಕರಿಯಲ್ಲಿ ಈಗಲೂ ನಾಟಕ ಕಂಪನಿಗಳು ತಿಂಗಳುಗಟ್ಟಲೆ ಟೆಂಟು ಹಾಕುತ್ತವೆ. ಮಾತಿನಲ್ಲಿ ದ್ವಂದ್ವಾರ್ಥ ಹೆಚ್ಚಿದೆ, ಹಾಡಿನ ಕಡೆ ಸಿನಿಮಾ ಟ್ರ್ಯಾಕಿಗೆ ಕುಣಿಯುವುದು ಹೆಚ್ಚಿದೆ. ಅಲ್ಲಿಂದ ಇನ್ನೊಬ್ಬ ದೊಡ್ಡ ಹಾಡುಗಾರ ಬಂದಾನೆಂಬ ಆಸೆ ನನಗೆ ಕಡಿಮೆ. ನನ್ನ ಆಸೆ ಇರುವುದು ಹಳ್ಳಿಹಳ್ಳಿಗಳ ಅಹೋರಾತ್ರಿ ಭಜನಾ ಸ್ಪರ್ಧೆಗಳ ಮೇಲೆ. ಅಲ್ಲಿ ತಾಳ ತಪ್ಪಿದರೆ ಬಹುಮಾನ ಹೋಗುತ್ತದೆ, ಎದುರಿನ ಮೇಳ ನಗುತ್ತದೆ, ಪೇಟಿ ಹಿಡಿದವನು ಮನೆಗೆ ಹೋಗುವ ದಾರಿಯುದ್ದಕ್ಕೂ ಬೈಯುತ್ತಾನೆ. ಜಾತ್ರೆ ಕಮಿಟಿಯವರು ಡಿಜೆಗೆ ಕೊಡುವ ಬಾಡಿಗೆಯಲ್ಲಿ ಒಂದು ಪಾಲನ್ನು ಇಂಥ ಮೇಳಗಳ ಬಹುಮಾನಕ್ಕೆ ಎತ್ತಿಟ್ಟರೆ, ಅವರ ಊರಿನ ಯೂಟ್ಯೂಬ್ ಹಾಡುಗಾರನೂ ಒಂದು ರಾತ್ರಿ ಅಲ್ಲಿ ಬಂದು ಕೂತಾನು.